ನಿಸ್ತಂತು ಚಾರ್ಜಿಂಗ್: ಎರಡು ಸುರುಳಿಗಳ ನಡುವಿನ ವ್ಯವಹಾರ

ಮೇಜಿನ ಮೇಲೊಂದು ದುಂಡನೆಯ ಬಿಲ್ಲೆ. ಅದರ ಮೇಲೆ ಮೊಬೈಲ್ ಫೋನನ್ನು ಇರಿಸಿದರೆ ಸಾಕು, ಬ್ಯಾಟರಿ ತುಂಬತೊಡಗುತ್ತದೆ. ಪಿನ್ ಚುಚ್ಚುವ ಗೊಡವೆಯಿಲ್ಲ. ಒಂದು ಕಾಲಕ್ಕೆ ದುಬಾರಿ ಫೋನುಗಳಿಗಷ್ಟೇ ಮೀಸಲಾಗಿದ್ದ ವೈರ್‌ಲೆಸ್ ಚಾರ್ಜಿಂಗ್ ಈಗ ಕೈಗಡಿಯಾರ, ಇಯರ್‌ಬಡ್ ಡಬ್ಬಿ, ಕಾರಿನ ಗೇರ್ ಪಕ್ಕದ ತಟ್ಟೆಯವರೆಗೂ ಹಬ್ಬಿದೆ. ಕನ್ನಡದಲ್ಲಿ ಇದನ್ನು ನಿಸ್ತಂತು ಚಾರ್ಜಿಂಗ್ ಎನ್ನಬಹುದು.

ಹೆಸರಿನಲ್ಲಿ ತುಸು ಉತ್ಪ್ರೇಕ್ಷೆ ಇರುವುದನ್ನು ಮೊದಲೇ ಹೇಳಿಬಿಡಬೇಕು. ಗೋಡೆಯ ಪ್ಲಗ್ಗಿನಿಂದ ಬಿಲ್ಲೆಯವರೆಗೆ ತಂತಿ ಇದ್ದೇ ಇರುತ್ತದೆ. ತಂತಿ ಇಲ್ಲದಿರುವುದು ಬಿಲ್ಲೆಗೂ ಫೋನಿಗೂ ನಡುವಣ ಕೆಲವೇ ಮಿಲಿಮೀಟರ್ ಅಂತರದಲ್ಲಿ. ಈ ಅಂತರವನ್ನು ವಿದ್ಯುತ್ತು ದಾಟುವ ಬಗೆಯನ್ನು ಅರಿತರೆ, ಈ ಸೌಲಭ್ಯದಿಂದ ಸಿಗುವ ಲಾಭವೂ ಅದಕ್ಕೆ ತೆರಬೇಕಾದ ಬೆಲೆಯೂ ತಾನಾಗಿಯೇ ಸ್ಪಷ್ಟವಾಗುತ್ತವೆ.

ಫ್ಯಾರಡೆಯ ಉಂಗುರ

1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಉಂಗುರವೊಂದರ ಎರಡು ಬದಿಗಳಿಗೆ ಪ್ರತ್ಯೇಕವಾಗಿ ತಾಮ್ರದ ತಂತಿ ಸುತ್ತಿ ಪ್ರಯೋಗ ನಡೆಸಿದರು. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ, ಅದಕ್ಕೆ ಯಾವ ಸಂಪರ್ಕವೂ ಇಲ್ಲದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಹರಿದು ಮಾಪಕದ ಮುಳ್ಳು ಅಲುಗಿತು. ಬ್ಯಾಟರಿ ಬಿಡಿಸಿದಾಗ ಮತ್ತೊಮ್ಮೆ ಅಲುಗಿತು. ನಡುವೆ ವಿದ್ಯುತ್ ಒಂದೇ ಸಮನೆ ಹರಿಯುತ್ತಿದ್ದಾಗ ಮಾತ್ರ ಮುಳ್ಳು ನಿಶ್ಚಲವಾಗಿತ್ತು. ಬದಲಾಗುವ ಕಾಂತಕ್ಷೇತ್ರ ಮಾತ್ರವೇ ಪಕ್ಕದ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸಬಲ್ಲದು ಎಂಬುದು ಇದರಿಂದ ತಿಳಿದುಬಂತು. ಪ್ರೌಢಶಾಲೆಯ ಪಾಠಗಳಲ್ಲಿ ಬರುವ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಬೀದಿಯ ಕೊನೆಯಲ್ಲಿ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಇದೇ ನಿಯಮದಿಂದ.

ನಿಸ್ತಂತು ಚಾರ್ಜರ್ ಎಂದರೆ ಎರಡು ಹೋಳಾಗಿ ಸೀಳಿದ ಟ್ರಾನ್ಸ್‌ಫಾರ್ಮರ್ ಎಂದು ತಿಳಿದರೆ ತಪ್ಪಲ್ಲ. ಒಂದು ಹೋಳು ಪ್ಯಾಡಿನಲ್ಲಿದೆ, ಇನ್ನೊಂದು ಫೋನಿನ ಬೆನ್ನಿನಲ್ಲಿದೆ. ಗೋಡೆಯಿಂದ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಅಡಾಪ್ಟರ್ ಇದನ್ನು ಡಿಸಿ ಎನ್ನುವ ನೇರ ವಿದ್ಯುತ್ತಾಗಿ ಮಾರ್ಪಡಿಸಿ ಪ್ಯಾಡಿಗೆ ಕೊಡುತ್ತದೆ. ಪ್ಯಾಡಿನೊಳಗಿನ ಮಂಡಲ ಅದನ್ನು ಮತ್ತೆ ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತದೆ. ಈ ಬಾರಿ ಅದು ಆವರ್ತಿಸುವುದು ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು ಸಲ. ಇಷ್ಟು ಅವಸರ ಏಕೆಂದರೆ, ಕಾಂತಕ್ಷೇತ್ರ ಎಷ್ಟು ವೇಗವಾಗಿ ಬದಲಾಗುವುದೋ ಪಕ್ಕದ ಸುರುಳಿಯಲ್ಲಿ ಅಷ್ಟು ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ. 50 ಆವರ್ತನೆಗಳನ್ನೇ ನೆಚ್ಚಿಕೊಂಡಿದ್ದರೆ ಫೋನಿನ ಬೆನ್ನಿಗೆ ಕಬ್ಬಿಣದ ತಿರುಳಿರುವ ಭಾರೀ ಸುರುಳಿಯನ್ನೇ ಕಟ್ಟಬೇಕಾಗುತ್ತಿತ್ತು!

ಹೀಗೆ ಫೋನಿನ ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ತನ್ನು ರೆಕ್ಟಿಫೈಯರ್ ಪುನಃ ನೇರ ವಿದ್ಯುತ್ತಾಗಿಸಿ ಬ್ಯಾಟರಿಗೆ ಒಪ್ಪಿಸುತ್ತದೆ. ಸುರುಳಿಗಳ ಬೆನ್ನಿಗೆ ಫೆರೈಟ್ ಎಂಬ ವಸ್ತುವಿನ ತೆಳುವಾದ ಹಾಳೆ ಇರುತ್ತದೆ. ಕಾಂತಕ್ಷೇತ್ರ ಫೋನಿನ ಇತರ ಭಾಗಗಳಿಗೆ ಹರಡದಂತೆ ತಡೆದು, ಅದನ್ನು ಸುರುಳಿಗಳ ನಡುವೆಯೇ ಹಿಡಿದಿಡುವುದು ಅದರ ಕೆಲಸ.

ನಗರದ ಓದುಗರಿಗೆ ಈ ನಿಯಮ ಅಪರಿಚಿತವೇನಲ್ಲ. ಅಡುಗೆಮನೆಯ ಇಂಡಕ್ಷನ್ ಒಲೆಯ ಗಾಜಿನ ಕೆಳಗಿರುವುದೂ ಇಂಥದೇ ಸುರುಳಿ. ಅಲ್ಲಿ ಎರಡನೆಯ ಸುರುಳಿಯ ಸ್ಥಾನದಲ್ಲಿ ಪಾತ್ರೆಯ ತಳವಿದೆ. ತಳದ ಲೋಹದಲ್ಲಿ ಸುಳಿಸುಳಿಯಾಗಿ ಹರಿಯುವ ವಿದ್ಯುತ್ತು ಅದನ್ನು ಕಾಯಿಸುತ್ತದೆ, ಹಾಲು ಉಕ್ಕುತ್ತದೆ. ಒಲೆಯಲ್ಲಿ ಶಾಖವೇ ಗುರಿ, ಫೋನಿನಲ್ಲಿ ಶಾಖವೇ ಶತ್ರು. ಇನ್ನು ನಮ್ಮ ಮೆಟ್ರೋದ ಸ್ಮಾರ್ಟ್ ಕಾರ್ಡಿನಲ್ಲಿ ಬ್ಯಾಟರಿಯೇ ಇಲ್ಲ. ಗೇಟಿನ ಯಂತ್ರಕ್ಕೆ ಅದನ್ನು ಹಿಡಿದಾಗ ಯಂತ್ರದ ಸುರುಳಿಯಿಂದ ಕಾರ್ಡಿನೊಳಗಿನ ಸುರುಳಿಗೆ ಕ್ಷಣಮಾತ್ರ ವಿದ್ಯುತ್ ದೊರೆತು, ಅಷ್ಟರಲ್ಲಿಯೇ ಲೆಕ್ಕಾಚಾರ ಮುಗಿಯುತ್ತದೆ.

ಪ್ಯಾಡು ಮತ್ತು ಫೋನಿನ ಸಂಭಾಷಣೆ

ಪ್ಯಾಡಿನ ಮೇಲೆ ಏನಿದೆಯೆಂದು ಪ್ಯಾಡಿಗೆ ಹೇಗೆ ಗೊತ್ತಾಗಬೇಕು? ಸುಮ್ಮನಿರುವಾಗಲೂ ಅದು ಆಗಾಗ್ಗೆ ಕಿರಿದಾದ ಸ್ಪಂದನವೊಂದನ್ನು ಕಳಿಸಿ ಮೇಲೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿರುತ್ತದೆ. ಫೋನು ಇದ್ದರೆ ಅದೇ ಸ್ಪಂದನದ ಶಕ್ತಿಯಿಂದ ಎಚ್ಚೆತ್ತು ಉತ್ತರ ಕೊಡುತ್ತದೆ. ಆ ಉತ್ತರ ಹೋಗುವ ರೀತಿ ಚತುರತೆಯದು. ಫೋನು ತಾನು ಎಳೆದುಕೊಳ್ಳುವ ಹೊರೆಯನ್ನು ನಿರ್ದಿಷ್ಟ ಕ್ರಮದಲ್ಲಿ ಏರಿಳಿಸುತ್ತದೆ. ಆ ಏರಿಳಿತ ಪ್ಯಾಡಿನ ಸುರುಳಿಯಲ್ಲಿ ಅಲೆಯಾಗಿ ಕಾಣಿಸಿಕೊಳ್ಳುತ್ತದೆ. ಶಕ್ತಿ ಮೇಲಕ್ಕೆ ಹೋಗುವ ದಾರಿಯಲ್ಲಿಯೇ ಸಂದೇಶ ಕೆಳಕ್ಕೆ ಬರುತ್ತದೆ!

ಈ ಸಂಭಾಷಣೆ ಚಾರ್ಜಿಂಗ್ ಮುಗಿಯುವವರೆಗೂ ನಡೆದಿರುತ್ತದೆ. ಇನ್ನಷ್ಟು ಬೇಕು, ಸ್ವಲ್ಪ ಕಡಿಮೆ ಮಾಡು, ಬ್ಯಾಟರಿ ತುಂಬಿತು ಎಂದು ಫೋನು ಹೇಳುತ್ತಲೇ ಇರಬೇಕು. ಉತ್ತರ ನಿಂತುಹೋದರೆ ಪ್ಯಾಡು ಶಕ್ತಿಯನ್ನು ನಿಲ್ಲಿಸುತ್ತದೆ. ತಾನು ಕಳಿಸಿದ ಶಕ್ತಿಗೂ ಫೋನು ಪಡೆದೆನೆಂದು ತಿಳಿಸಿದ ಶಕ್ತಿಗೂ ಇರಬೇಕಾದುದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡರೆ, ನಡುವೆ ನಾಣ್ಯವೋ ಕೀಲಿಕೈಯೋ ಸೇರಿಕೊಂಡು ಬಿಸಿಯಾಗುತ್ತಿರಬಹುದೆಂದು ಊಹಿಸಿ ಆಗಲೂ ನಿಲ್ಲಿಸುತ್ತದೆ. ಕಳಪೆ ಪ್ಯಾಡುಗಳಲ್ಲಿ ಲೋಪವಾಗುವ ಸಂಭವ ಇರುವುದು ಮುಖ್ಯವಾಗಿ ಈ ಎಚ್ಚರಿಕೆಯ ಏರ್ಪಾಡಿನಲ್ಲಿ. ಬೆಲೆ ನೋಡಿ ಕೊಳ್ಳುವವರು ಇದನ್ನು ಮರೆಯಬಾರದು.

ಒಂದೇ ಭಾಷೆಗಾಗಿ ಪೈಪೋಟಿ

ಸಂಭಾಷಣೆ ನಡೆಯಬೇಕಾದರೆ ಎರಡೂ ಕಡೆಯವರಿಗೆ ಒಂದೇ ಭಾಷೆ ಗೊತ್ತಿರಬೇಕಷ್ಟೆ. 2008ರಲ್ಲಿ ಸ್ಥಾಪನೆಯಾದ ವೈರ್‌ಲೆಸ್ ಪವರ್ ಕನ್ಸಾರ್ಟಿಯಂ ಎಂಬ ಕಂಪನಿಗಳ ಕೂಟ 2010ರಲ್ಲಿ 5 ವ್ಯಾಟ್‌ಗಳ ಮಾನಕವೊಂದನ್ನು ಪ್ರಕಟಿಸಿ, ಪ್ರಾಣಶಕ್ತಿ ಎಂಬ ಅರ್ಥದ ಚೀನೀ ಪದದಿಂದ ಅದಕ್ಕೆ 'ಚೀ' ಎಂದು ಹೆಸರಿಟ್ಟಿತು. 2012ರ ನೋಕಿಯಾ ಲೂಮಿಯಾ 920 ಇದನ್ನು ಅಳವಡಿಸಿಕೊಂಡ ಹೆಸರಾಂತ ಫೋನುಗಳಲ್ಲಿ ಒಂದು. ಆದರೆ ಪ್ರತಿಸ್ಪರ್ಧಿ ಮಾನಕಗಳೂ ಇದ್ದವು. 2014ರಲ್ಲಿ ಅಮೆರಿಕದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳು ಪವರ್‌ಮ್ಯಾಟ್ ಎಂಬ ಬೇರೆ ಪದ್ಧತಿಯನ್ನು ಆರಿಸಿಕೊಂಡವು. ಒಂದೆಡೆ ಚಾರ್ಜ್ ಆಗುವ ಫೋನು ಇನ್ನೊಂದೆಡೆ ಆಗದು ಎಂಬ ಸ್ಥಿತಿ ಕೆಲವು ವರ್ಷ ಇತ್ತು. 2017ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಐಫೋನ್ 8 ಮತ್ತು ಐಫೋನ್ ಟೆನ್‌ಗಳಿಗೆ ಚೀ ಮಾನಕವನ್ನೇ ಒಪ್ಪಿಕೊಂಡಾಗ ಈ ಜಗಳ ಬಹುಮಟ್ಟಿಗೆ ಮುಗಿಯಿತು. 2018ರ ಜನವರಿಯಲ್ಲಿ ಪವರ್‌ಮ್ಯಾಟ್ ಕೂಡ ಅದೇ ಕೂಟವನ್ನು ಸೇರಿತು.

ಆ ಐಫೋನುಗಳ ಬೆನ್ನು ಗಾಜಿನದಾದುದು ಕೇವಲ ಅಂದಕ್ಕಲ್ಲ. ಅಲ್ಯೂಮಿನಿಯಂನ ಬೆನ್ನು ಕಾಂತಕ್ಷೇತ್ರವನ್ನು ತಡೆದು ತಾನೇ ಬಿಸಿಯಾಗುತ್ತದೆ. ಗಾಜು ಇಲ್ಲವೇ ಪ್ಲಾಸ್ಟಿಕ್ ಅದನ್ನು ಹಾದುಹೋಗಲು ಬಿಡುತ್ತವೆ. ಕೈಜಾರಿ ಬಿದ್ದು ಬೆನ್ನು ಒಡೆದುಕೊಂಡ ಫೋನುಗಳ ಮಾಲೀಕರು ಈ ಸೌಲಭ್ಯಕ್ಕೆ ಹೀಗೂ ಒಂದು ಬೆಲೆ ತೆತ್ತಿದ್ದಾರೆನ್ನಬಹುದು.

ಅಯಸ್ಕಾಂತ ತಂದ ಪರಿಹಾರ

ಇಡೀ ವ್ಯವಸ್ಥೆಯ ಮರ್ಮವಿರುವುದು ಎರಡು ಸುರುಳಿಗಳ ಮುಖಾಮುಖಿಯಲ್ಲಿ. ಅವು ಒಂದರ ಮೇಲೊಂದು ಸರಿಯಾಗಿ ಕುಳಿತರೆ ಹೆಚ್ಚಿನ ಶಕ್ತಿ ದಾಟುತ್ತದೆ. ಫೋನು ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಜಾರಿದರೂ ಕಾಂತಕ್ಷೇತ್ರದ ದೊಡ್ಡ ಪಾಲು ಸುರುಳಿಯ ಹೊರಗೆ ಹೋಗುತ್ತದೆ. ಚಾರ್ಜಿಂಗ್ ನಿಧಾನವಾಗುತ್ತದೆ ಇಲ್ಲವೇ ನಿಂತೇಹೋಗುತ್ತದೆ. ರಾತ್ರಿ ಪ್ಯಾಡಿನ ಮೇಲಿಟ್ಟ ಫೋನು ಬೆಳಿಗ್ಗೆ ಖಾಲಿಯೇ ಇದ್ದ ಅನುಭವ ಹಲವರಿಗೆ ಆಗಿರುವುದು ಈ ಕಾರಣದಿಂದಲೇ. ಕರೆ ಬಂದಾಗ ಕಂಪಿಸಿದ ಫೋನು ನುಣುಪಾದ ಪ್ಯಾಡಿನ ಮೇಲೆ ತುಸು ಸರಿದಿದ್ದರೂ ಸಾಕು.

ಎಲ್ಲಿಟ್ಟರೂ ಚಾರ್ಜ್ ಆಗಬೇಕೆಂಬ ಹಂಬಲದಿಂದ ಆಪಲ್ 2017ರಲ್ಲಿ ಏರ್‌ಪವರ್ ಎಂಬ ಹಾಸನ್ನು ಪ್ರಕಟಿಸಿತ್ತು. ಫೋನು, ಗಡಿಯಾರ, ಇಯರ್‌ಬಡ್ ಮೂರನ್ನೂ ಅದರ ಮೇಲೆ ಮನಬಂದಂತೆ ಇಡಬಹುದೆಂಬುದು ಭರವಸೆ. 2019ರ ಮಾರ್ಚಿನಲ್ಲಿ, ತನ್ನ ಗುಣಮಟ್ಟವನ್ನು ಅದು ಮುಟ್ಟಲಾರದೆಂದು ಹೇಳಿ ಕಂಪನಿ ಅದನ್ನು ಕೈಬಿಟ್ಟಿತು. ಒತ್ತೊತ್ತಾಗಿ ಹೆಣೆದ ಸುರುಳಿಗಳ ಶಾಖವನ್ನು ನಿಭಾಯಿಸುವುದು ಕಷ್ಟವಾಗಿರಬೇಕೆಂಬುದು ಆಗ ಕೇಳಿಬಂದ ವಿಶ್ಲೇಷಣೆ.

ಕೊನೆಗೆ ಪರಿಹಾರ ಸಿಕ್ಕಿದ್ದು ಸರಳವಾದ ಅಯಸ್ಕಾಂತದಲ್ಲಿ. 2020ರ ಐಫೋನ್ 12ರಲ್ಲಿ ಸುರುಳಿಯ ಸುತ್ತ ಅಯಸ್ಕಾಂತಗಳ ಬಳೆಯೊಂದನ್ನು ಕೂರಿಸಿ ಅದಕ್ಕೆ ಮ್ಯಾಗ್‌ಸೇಫ್ ಎಂಬ ಹೆಸರಿಡಲಾಯಿತು. ಪ್ಯಾಡು ಫೋನಿಗೆ ತಾನಾಗಿಯೇ ಅಂಟಿಕೊಂಡು ಸುರುಳಿಗಳು ಎದುರುಬದುರಾಗುವುದರಿಂದ 15 ವ್ಯಾಟ್ ಸಾಧ್ಯವಾಯಿತು. ವಿಶೇಷವೆಂದರೆ ಪಾಮ್ ಕಂಪನಿಯ ಪ್ರೀ ಎಂಬ ಫೋನಿಗೆ 2009ರಲ್ಲಿಯೇ ಅಯಸ್ಕಾಂತವಿದ್ದ ನಿಸ್ತಂತು ಚಾರ್ಜರ್ ಇತ್ತು! ಪಾಮ್ ಕಣ್ಮರೆಯಾಯಿತು, ಉಪಾಯ ಹನ್ನೊಂದು ವರ್ಷಗಳ ತರುವಾಯ ಮರಳಿ ಬಂತು. 2023ರ ಜನವರಿಯಲ್ಲಿ ಇದೇ ಅಯಸ್ಕಾಂತದ ಬಳೆಯನ್ನು ಎಲ್ಲ ಕಂಪನಿಗಳಿಗೂ ಮುಕ್ತಗೊಳಿಸುವ ಚೀ2 ಮಾನಕವನ್ನು ಪ್ರಕಟಿಸಲಾಯಿತು. 2025ರಲ್ಲಿ ಅದರ ಮಿತಿ 25 ವ್ಯಾಟ್‌ಗೆ ಏರಿತು. ಅದೇ ವರ್ಷ ಗೂಗಲ್‌ನ ಪಿಕ್ಸೆಲ್ 10 ಫೋನುಗಳೂ ಅಯಸ್ಕಾಂತದ ಬಳೆಯೊಂದಿಗೆ ಬಂದವು.

ನಿಜವಾದ ಲಾಭ ಯಾವುದು?

ಜಾಹೀರಾತುಗಳಲ್ಲಿ ವೇಗದ ಮಾತು ಜೋರಾಗಿದ್ದರೂ ನಿಸ್ತಂತು ಚಾರ್ಜಿಂಗಿನ ನಿಜವಾದ ಲಾಭ ವೇಗವಲ್ಲ. ಅದು ಫೋನಿನ ಕೆಳಅಂಚಿನ ಕಿಂಡಿಗೆ ಸಿಗುವ ವಿಶ್ರಾಂತಿ. ದಿನಕ್ಕೆ ಎರಡು ಸಲ ಪಿನ್ ಚುಚ್ಚಿ ತೆಗೆದರೆ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಬಾರಿ ಆ ಕಿಂಡಿಯ ಲೋಹದ ಎಸಳುಗಳು ಸವೆಯುತ್ತವೆ. ಜೇಬಿನ ನೂಲು, ರಸ್ತೆಯ ಧೂಳು ಅದರೊಳಗೆ ಸೇರಿಕೊಳ್ಳುತ್ತವೆ. ಮಳೆಯಲ್ಲಿ ತೊಯ್ದ ಫೋನು ಕಿಂಡಿಯಲ್ಲಿ ತೇವವಿದೆಯೆಂದು ಹೇಳಿ ತಂತಿಯನ್ನು ನಿರಾಕರಿಸಿದಾಗಲೂ, ಬೆನ್ನನ್ನು ಒರೆಸಿ ಪ್ಯಾಡಿನ ಮೇಲಿಡಬಹುದು. ಕಿಂಡಿ ಸಂಪೂರ್ಣ ಕೆಟ್ಟ ಫೋನಿಗೂ ಪ್ಯಾಡು ಜೀವ ಕೊಡಬಲ್ಲದು.

ಎರಡನೆಯ ಲಾಭದ ಬಗೆಗೆ ಕಡಿಮೆ ಮಾತು ಕೇಳಿಬರುತ್ತದೆ. ಕಣ್ಣು ಮಂಜಾದ ಹಿರಿಯರಿಗೆ, ಕೈ ನಡುಗುವವರಿಗೆ, ದೃಷ್ಟಿಹೀನರಿಗೆ ಸಣ್ಣ ಕಿಂಡಿಯೊಳಗೆ ಪಿನ್ ತೂರಿಸುವುದು ದಿನನಿತ್ಯದ ಪರದಾಟ. ಅಯಸ್ಕಾಂತವಿರುವ ಪ್ಯಾಡು ಅವರ ಪಾಲಿಗೆ ಅನುಕೂಲಕ್ಕಿಂತ ಹೆಚ್ಚಿನದು. ಸಾರ್ವಜನಿಕ ಸ್ಥಳಗಳ ಯುಎಸ್‌ಬಿ ಕಿಂಡಿಗಳಿಗೆ ಫೋನು ಜೋಡಿಸಿದರೆ ಮಾಹಿತಿ ಕಳವಾದೀತೆಂಬ ಭಯವಿರುವವರಿಗೂ ಇಲ್ಲಿ ನೆಮ್ಮದಿಯುಂಟು. ಫೋನಿನ ಕಡತಗಳನ್ನು ಎಳೆದುಕೊಳ್ಳುವ ಯುಎಸ್‌ಬಿ ತಂತಿಯೇ ಪ್ಯಾಡಿಗೂ ಫೋನಿಗೂ ನಡುವೆ ಇಲ್ಲ. ಕಚೇರಿಯ ಮೇಜಿನ ಮೇಲೆ ಪ್ಯಾಡಿದ್ದರೆ ಫೋನನ್ನು ಇಡುವ ಜಾಗವೇ ಚಾರ್ಜಿಂಗ್ ಜಾಗವಾಗುತ್ತದೆ. ಬ್ಯಾಟರಿ ದಿನವಿಡೀ ಚೂರುಚೂರಾಗಿ ತುಂಬುತ್ತಿರುತ್ತದೆ.

ತೆರಬೇಕಾದ ಬೆಲೆ

ಬೆಲೆ ಮುಖ್ಯವಾಗಿ ಶಾಖದ ರೂಪದಲ್ಲಿದೆ. ತಂತಿಯ ಮೂಲಕ ಹೋಗುವಾಗಲೂ ಸ್ವಲ್ಪ ವಿದ್ಯುತ್ ವ್ಯರ್ಥವಾಗುತ್ತದೆ. ಸುರುಳಿಗಳ ಮೂಲಕ ಹೋಗುವಾಗ ಇನ್ನಷ್ಟು ವ್ಯರ್ಥವಾಗುತ್ತದೆ. ಒಂದು ಉದಾಹರಣೆ ಲೆಕ್ಕ ಹಾಕಬಹುದು. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ಅದನ್ನು ತುಂಬಲು ತಂತಿಯಿದ್ದಾಗ ಗೋಡೆಯಿಂದ 23, ಪ್ಯಾಡಿದ್ದಾಗ 33 ವ್ಯಾಟ್-ಗಂಟೆ ಬೇಕೆಂದು ಇಟ್ಟುಕೊಳ್ಳೋಣ. ದಿನಕ್ಕೊಂದು ಬಾರಿ ತುಂಬಿದರೂ ವರ್ಷದ ಹೆಚ್ಚುವರಿ ಖರ್ಚು ಮೂರೂವರೆ ಯೂನಿಟ್‌ನ ಆಸುಪಾಸು. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೆ ಇದು ಒಂದೆರಡು ಕಾಫಿಯ ದುಡ್ಡು. ಮನೆಯ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಒಂದು ಕೋಟಿ ಫೋನುಗಳಿಗೆ ಗುಣಿಸಿದರೆ ಮಾತ್ರ ಮೂರೂವರೆ ಕೋಟಿ ಯೂನಿಟ್ ಆಗುತ್ತದೆ.

ಬಳಕೆದಾರನಿಗೆ ಹಣಕ್ಕಿಂತ ಮುಖ್ಯವಾದುದು ಆ ವ್ಯರ್ಥ ಶಕ್ತಿ ಎಲ್ಲಿಗೆ ಹೋಯಿತೆಂಬುದು. ಅದರಲ್ಲೊಂದು ಪಾಲು ಫೋನಿನ ಬೆನ್ನಿನಲ್ಲಿ, ಬ್ಯಾಟರಿಯ ಮಗ್ಗುಲಲ್ಲಿಯೇ ಶಾಖವಾಗಿ ಉಳಿಯುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖ ಆಗದು. ಬಿಸಿಯಲ್ಲಿ ಪದೇ ಪದೇ ತುಂಬಿಸಿದ ಬ್ಯಾಟರಿಯ ಸಾಮರ್ಥ್ಯ ಬೇಗ ಕುಗ್ಗುತ್ತದೆ. ಈ ಕಾರಣಕ್ಕೆ ಫೋನು ಬಿಸಿಯಾದಂತೆ ತಾನೇ ಚಾರ್ಜಿಂಗ್ ವೇಗವನ್ನು ಇಳಿಸುತ್ತದೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಫ್ಯಾನಿಲ್ಲದ ಕೋಣೆಯ ಪ್ಯಾಡಿನಿಂದ ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗವನ್ನು ನಿರೀಕ್ಷಿಸುವುದು ವ್ಯರ್ಥ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ತಟ್ಟೆಯಂತೂ ಇನ್ನೂ ಕಠಿಣ. ನಕ್ಷೆ ತೋರಿಸುತ್ತ ಮೊದಲೇ ಕಾದಿರುವ ಫೋನನ್ನು ಅಲ್ಲಿಟ್ಟರೆ ಚಾರ್ಜ್ ಏರುವುದಕ್ಕಿಂತ ಇಳಿಯುವುದೇ ಹೆಚ್ಚಾಗಬಹುದು. ಒನ್‌ಪ್ಲಸ್ ಕಂಪನಿ 2021ರಲ್ಲಿ 50 ವ್ಯಾಟ್‌ಗಳ ನಿಸ್ತಂತು ಚಾರ್ಜರನ್ನು ತಂದಾಗ ಅದರೊಳಗೊಂದು ಫ್ಯಾನನ್ನೂ ಕೂರಿಸಿದ್ದು ಸುಮ್ಮನಲ್ಲ.

ತಂತಿ ಹಾಕಿಕೊಂಡೇ ಫೋನಿನಲ್ಲಿ ಮಾತಾಡಬಹುದು, ಪ್ಯಾಡಿನ ಮೇಲಿಂದ ಎತ್ತಿದರೆ ಚಾರ್ಜಿಂಗ್ ನಿಲ್ಲುತ್ತದೆ. ಹೊರಡುವ ಅವಸರದಲ್ಲಿ ಹತ್ತು ನಿಮಿಷದಲ್ಲಿ ಬ್ಯಾಟರಿ ತುಂಬಬೇಕಾದವರಿಗೆ ತಂತಿಯೇ ಮೇಲು.

ದೂರದ ಕನಸು

ಕೋಣೆಯೊಳಗೆ ಕಾಲಿಟ್ಟ ಕೂಡಲೇ ಜೇಬಿನಲ್ಲಿರುವ ಫೋನು ಚಾರ್ಜ್ ಆಗಬೇಕೆಂಬುದು ಹಳೆಯ ಕನಸು. ನಿಕೋಲಾ ಟೆಸ್ಲಾ ನ್ಯೂಯಾರ್ಕ್ ಬಳಿಯ ವಾರ್ಡನ್‌ಕ್ಲಿಫ್‌ನಲ್ಲಿ ತಂತಿಯಿಲ್ಲದೆ ಸಂದೇಶವನ್ನೂ ಶಕ್ತಿಯನ್ನೂ ಕಳಿಸುವ ಗೋಪುರವನ್ನು 1901ರಲ್ಲಿ ಕಟ್ಟಿಸತೊಡಗಿದ್ದರು. ಹಣವಿಲ್ಲದೆ ಕೆಲಸ ನಿಂತು, 1917ರಲ್ಲಿ ಗೋಪುರವನ್ನು ಕೆಡವಲಾಯಿತು. ಅವರ ಗೋಪುರ ಏಳುತ್ತಿದ್ದ ಹೊತ್ತಿನಲ್ಲಿಯೇ, 1902ರಲ್ಲಿ, ಮೈಸೂರು ಸಂಸ್ಥಾನವು ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕವೇ ಮುಟ್ಟಿಸಿತ್ತು ಎಂಬುದು ಇಲ್ಲಿ ನೆನಪಾಗುತ್ತದೆ.

2007ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಮರಿನ್ ಸೊಲ್ಯಾಚಿಚ್ ಮತ್ತು ಸಂಗಡಿಗರು ಎರಡು ಮೀಟರ್‌ಗಳಾಚೆಯ 60 ವ್ಯಾಟ್ ಬಲ್ಬನ್ನು ತಂತಿಯಿಲ್ಲದೆ ಬೆಳಗಿಸಿದರು. ಒಂದೇ ಆವೃತ್ತಿಗೆ ಶ್ರುತಿ ಮಾಡಿದ ಎರಡು ಸುರುಳಿಗಳ ಅನುರಣನ ಅದರ ಗುಟ್ಟು. ದಾಟಿದ ಶಕ್ತಿ ಶೇ. 40ರಷ್ಟು. ಚಾರ್ಜ್ ಮುಗಿಯಿತೆಂದು ನಡುರಾತ್ರಿ ಬೀಪ್‌ಗುಟ್ಟಿ ನಿದ್ದೆಗೆಡಿಸುತ್ತಿದ್ದ ಮೊಬೈಲ್ ಫೋನೇ ಸೊಲ್ಯಾಚಿಚ್ ಅವರಿಗೆ ಈ ಸಂಶೋಧನೆಯ ಪ್ರೇರಣೆಯಾಗಿತ್ತು. 2021ರ ಜನವರಿಯಲ್ಲಿ ಶವೋಮಿ ಕಂಪನಿ ಕೋಣೆಯೊಳಗಿನ ಫೋನುಗಳಿಗೆ ಕೆಲವು ಮೀಟರ್ ದೂರದಿಂದ 5 ವ್ಯಾಟ್ ಕಳಿಸುವ ಯಂತ್ರವನ್ನು ಪ್ರದರ್ಶಿಸಿತು. ಆದರೆ ಗಾಳಿಯಲ್ಲಿ ದೂರ ಹೋದಷ್ಟೂ ಶಕ್ತಿ ಚದುರಿಹೋಗುತ್ತದೆ. ಸದ್ಯಕ್ಕೆ ಮೊಬೈಲಿಗೆ ಒದಗಿರುವುದು ಮಿಲಿಮೀಟರ್‌ಗಳ ನಂಟು ಮಾತ್ರ.

ಕೊಳ್ಳುವ, ಬಳಸುವ ಮುನ್ನ

ಪ್ಯಾಡಿನಿಂದ ಹೊಮ್ಮುವುದು ಎಕ್ಸ್-ಕಿರಣದಂಥ ವಿಕಿರಣವಲ್ಲ. ಕೆಲವೇ ಸೆಂಟಿಮೀಟರ್‌ಗಳಲ್ಲಿ ಅಡಗಿಹೋಗುವ ಕಾಂತಕ್ಷೇತ್ರ. ಪಕ್ಕದಲ್ಲಿ ಮಲಗುವವರು ಅಂಜಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಗಂಭೀರವಾದುದು. ಎದೆಯೊಳಗೆ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಇರುವವರು ಐಫೋನನ್ನೂ ಮ್ಯಾಗ್‌ಸೇಫ್ ಚಾರ್ಜರನ್ನೂ ಅದರಿಂದ 15 ಸೆಂಟಿಮೀಟರ್‌ಗೂ ಹೆಚ್ಚು ದೂರದಲ್ಲಿ, ಚಾರ್ಜ್ ಆಗುತ್ತಿರುವಾಗ 30 ಸೆಂಟಿಮೀಟರ್‌ಗೂ ಹೆಚ್ಚು ದೂರದಲ್ಲಿ ಇಡಬೇಕೆಂದು ಆಪಲ್ ಸೂಚಿಸಿದೆ. ಅಯಸ್ಕಾಂತದ ಬಳೆಯಿರುವ ಇತರ ಫೋನುಗಳ ವಿಷಯದಲ್ಲೂ ವೈದ್ಯರನ್ನು ಕೇಳುವುದು ಲೇಸು. ಅಂಗಿಯ ಎಡಜೇಬಿನಲ್ಲಿ ಫೋನಿಡುವ ರೂಢಿ ಇವರಿಗೆ ಸಲ್ಲದು.

ಫೋನಿನ ಕವರ್ ಮತ್ತು ಬೆನ್ನಿನ ನಡುವೆ ಮೆಟ್ರೋ ಕಾರ್ಡನ್ನೋ ಎಟಿಎಂ ಕಾರ್ಡನ್ನೋ ಸಿಕ್ಕಿಸಿಡುವವರು ಪ್ಯಾಡಿನ ಮೇಲಿಡುವ ಮುನ್ನ ಅದನ್ನು ತೆಗೆದಿರಿಸಬೇಕು. ಕಾಂತಪಟ್ಟಿಯೂ ಒಳಗಿನ ಚಿಪ್ಪೂ ಹಾಳಾಗುವ ಸಂಭವವಿದೆ. ಕಾರಿನ ಹೋಲ್ಡರಿಗೆಂದು ಕವರಿನ ಹಿಂದೆ ಅಂಟಿಸಿದ ಲೋಹದ ಬಿಲ್ಲೆಯಿದ್ದರೆ ಅದು ಇಂಡಕ್ಷನ್ ಒಲೆಯ ಪಾತ್ರೆಯಂತೆ ಕಾಯುತ್ತದೆ, ಫೋನಿಗೆ ಚಾರ್ಜ್ ಸಿಗುವುದಿಲ್ಲ. ತೀರಾ ದಪ್ಪನೆಯ ಕವರೂ ತೊಡಕೇ.

ಅಂಗಡಿಯಲ್ಲಿ ನೋಡಬೇಕಾದದ್ದು ಚೀ ಅಥವಾ ಚೀ2 ಗುರುತು. ಗುರುತನ್ನು ಯಾರು ಬೇಕಾದರೂ ಮುದ್ರಿಸಬಹುದಾದ್ದರಿಂದ, ವೈರ್‌ಲೆಸ್ ಪವರ್ ಕನ್ಸಾರ್ಟಿಯಂನ ಜಾಲತಾಣದ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ಪ್ಯಾಡಿನ ಪೆಟ್ಟಿಗೆಯಲ್ಲಿ ಬಹಳ ಸಲ ಅಡಾಪ್ಟರ್ ಇರುವುದಿಲ್ಲ. ಹಳೆಯ ಫೋನಿನ 5 ವ್ಯಾಟ್ ಅಡಾಪ್ಟರಿಗೆ 15 ವ್ಯಾಟ್ ಪ್ಯಾಡನ್ನು ಜೋಡಿಸಿದರೆ 15 ವ್ಯಾಟ್ ಬರುವುದಿಲ್ಲ. 15 ವ್ಯಾಟ್‌ನ ಪ್ಯಾಡಿಗೆ 20 ವ್ಯಾಟ್ ಅಥವಾ ಅದಕ್ಕೂ ಮೇಲ್ಪಟ್ಟ ಅಡಾಪ್ಟರ್ ಇರಬೇಕು. ಕೊಳ್ಳುವಾಗ ಅದರ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು.